ಕವಚಕ್ಕೆ ಮೊದಲು ಒಂದು ಮೈ ಬೇಕು

ನಾನು ನಾಟಕಗಳಿಗೆ ವೇಷ, ಕವಚ ಮಾಡಿಕೊಡುತ್ತೇನೆ. ಕೊಡಗಿನ ಸೋಮವಾರಪೇಟೆ ಕಡೆ ಈ ಕೆಲಸಕ್ಕಿರುವ ದೊಡ್ಡ ತೊಂದರೆ ಎಂದರೆ, ವೇಷ ಹಾಕುವ ಹುಡುಗರೇ ಊರಲ್ಲಿ ಸಿಗುವುದಿಲ್ಲ. ಬೆಂಗಳೂರು, ಮೈಸೂರು ಅಂತ ಕೆಲಸಕ್ಕೆ ಹೋಗಿರುತ್ತಾರೆ. ಸೆಪ್ಟೆಂಬರ್ ಮೊದಲಿಗೆ ನಮ್ಮ ಕಡೆಯ ಆಯುಧಪೂಜೆ ಹಬ್ಬ ಕೈಲ್ ಮುಹೂರ್ತಕ್ಕೆ ಬಂದರೆ, ಮತ್ತೆ ಬರುವುದು ದಸರಾಕ್ಕೆ. ಅಲ್ಲಿಯವರೆಗೆ ಕವಚವನ್ನು ಯಾರ ಮೈಮೇಲೆ ಇಟ್ಟು ನೋಡುವುದು? ಹೋದ ಸಲ ನವರಾತ್ರಿ ನಾಟಕದಲ್ಲಿ ನನ್ನ ತಮ್ಮನೇ ಮಹಿಷಾಸುರ. ಹಬ್ಬಕ್ಕೆ ಬಂದವನನ್ನು ನಿಲ್ಲಿಸಿ, ಅವನ ಮೈಯ ಅಚ್ಚನ್ನೇ ಟೇಪಿನಲ್ಲಿ ತೆಗೆದು ಡಮ್ಮಿ ಮಾಡಿಟ್ಟುಕೊಂಡೆ.

ಅಳತೆ ಬರೆದುಕೊಂಡರೆ ಸಾಲದಾ ಅಂತ ಕೇಳುತ್ತಾರೆ. ಬಟ್ಟೆಗೆ ಸಾಕು, ಅದು ಮೈಗೆ ತಕ್ಕಂತೆ ಬೀಳುತ್ತದೆ. ಕವಚ ಹಾಗೆ ಬೀಳುವುದಿಲ್ಲ. ಎದೆ ಸುತ್ತಳತೆ 38 ಇಂಚು ಇರುವ ಇಬ್ಬರಲ್ಲಿ ಒಬ್ಬನದು ಅಗಲ ಬೆನ್ನು, ಇನ್ನೊಬ್ಬನದು ಉಬ್ಬಿದ ಎದೆ. ಒಬ್ಬನ ಭುಜ ಇಳಿಜಾರು, ಇನ್ನೊಬ್ಬನದು ನೇರ. ಭುಜಕೀರ್ತಿ ಕೂರಬೇಕಾದದ್ದು ಆ ಇಳಿಜಾರಿನ ಮೇಲೆಯೇ ಅಲ್ವಾ? ಇಂಚುಪಟ್ಟಿ ಅದನ್ನು ಹೇಳುವುದಿಲ್ಲ.

ಕವಚದ ಒಳಗೆ ಹಾಕುವ ದಪ್ಪ ಅಂಗಿಯನ್ನು ತಮ್ಮನಿಗೆ ಮೊದಲೇ ಹಾಕಿಸಿದೆ. ಬರಿ ಮೈಯ ಅಳತೆಗೆ ಡಮ್ಮಿ ಮಾಡಿದರೆ ಕವಚ ಆ ಅಂಗಿಯ ಮೇಲೆ ಮುಚ್ಚುವುದೇ ಇಲ್ಲ. ಅದರ ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಫಿಲ್ಮ್ ಒಂದು ಸುತ್ತು. ಅದರ ಮೇಲೆ ಹಾಳಾದರೂ ಪರವಾಗಿಲ್ಲ ಅನ್ನುವಂಥ ಉದ್ದನೆಯ ಟೀ ಶರ್ಟು. ಕುತ್ತಿಗೆಗೂ ಫಿಲ್ಮ್ ಸುತ್ತಿದೆ, ಬಿಗಿ ಮಾಡಲಿಲ್ಲ.

ಟೇಪು 48 ಮಿಲಿಮೀಟರ್ ಅಗಲದ ಡಕ್ಟ್ ಟೇಪ್. ಪಾರ್ಸೆಲ್‌ಗೆ ಹಾಕುವ ಕಂದು ಟೇಪ್ ಬೇಡ, ಅದು ಉಬ್ಬುತಗ್ಗಿನ ಮೇಲೆ ಸುಕ್ಕಾಗುತ್ತದೆ. ರೋಲನ್ನು ಮೈಗೆ ಎಳೆದು ಸುತ್ತಬಾರದು. ಗೇಣುದ್ದದ ತುಂಡುಗಳನ್ನು ಕತ್ತರಿಸಿ, ಒಂದರ ಮೇಲೊಂದು ಅರ್ಧ ಹತ್ತುವಂತೆ ಇಡುತ್ತಾ ಹೋಗಬೇಕು. ಮೊದಲ ಪದರ ಅಡ್ಡ, ಎರಡನೆಯದು ಉದ್ದ, ಮೂರನೆಯದು ಓರೆ. ಎದೆಯ ಸುತ್ತ ಹಾಕುವಾಗ ಪೂರ್ತಿ ಉಸಿರು ಎಳೆದುಕೊಳ್ಳಲು ಹೇಳಿದೆ, ಯಾಕೆಂದರೆ ವೇದಿಕೆಯಲ್ಲಿ ಅವನು ಕೂಗಬೇಕು. ತೋಳುಗಳು ಮೈಯಿಂದ ಸ್ವಲ್ಪ ದೂರ ಇರಲಿ.

ನಿಂತವರ ಮೇಲೆ ಕಣ್ಣಿರಲಿ. ಟೇಪಿನೊಳಗೆ ಮೈ ಬಿಸಿಯಾಗುತ್ತದೆ. ಮಂಡಿ ಬಿಗಿಹಿಡಿದು ಜಾಸ್ತಿ ಹೊತ್ತು ನಿಂತರೆ ತಲೆ ತಿರುಗಿ ಬೀಳಬಹುದು. ನಡುನಡುವೆ ನೀರು ಕೊಟ್ಟು, ಕಾಲು ಆಡಿಸಲು ಹೇಳಿ. ಒಬ್ಬರೇ ಇದ್ದಾಗ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಬಿಚ್ಚುವ ಮೊದಲು ಮಾಡುವ ಗುರುತುಗಳು ನನಗೆ ಎಲ್ಲಕ್ಕಿಂತ ಮುಖ್ಯ. ಎದೆಯ ನಡುಗೆರೆ, ಬೆನ್ನಿನ ನಡುಗೆರೆ, ಸೊಂಟದ ಗೆರೆ ಎಳೆದ ಮೇಲೆ, "ಕತ್ತಿ ಎತ್ತು" ಅಂದೆ. ತೋಳು ಎತ್ತಿದಾಗ ಟೇಪು ಎಲ್ಲಿ ಮಡಚಿತೋ ಅಲ್ಲೆಲ್ಲ ಮಾರ್ಕರ್‌ನಿಂದ ಗೆರೆ ಹಾಕಿದೆ. ಮುಂದೆ ಬಗ್ಗಿಸಿ ಹೊಟ್ಟೆಯ ಮೇಲಿನ ಮಡಿಕೆಗೂ ಗೆರೆ. ಎದೆಗವಚ ಈ ಗೆರೆಗಳನ್ನು ದಾಟಬಾರದು. ದಾಟಿದರೆ ಬಗ್ಗುವಾಗ ಕೆಳ ಅಂಚು ಹೊಟ್ಟೆಗೆ ಒತ್ತುತ್ತದೆ, ಕೈ ಎತ್ತಿದರೆ ಇಡೀ ಕವಚ ಗಲ್ಲಕ್ಕೆ ಬರುತ್ತದೆ. ಆಮೇಲೆ ಮೊಂಡು ತುದಿಯ ಕತ್ತರಿಯಿಂದ ಬೆನ್ನಿನ ಗೆರೆಯಲ್ಲಿ, ಫಿಲ್ಮಿನ ಮೇಲಿನ ಪದರಗಳನ್ನು ಮಾತ್ರ ಕತ್ತರಿಸಿ ಬಿಚ್ಚಿದೆ. ಒಳಗಿನ ಅಂಗಿಗೆ ಏನೂ ಆಗಲಿಲ್ಲ.

ಬಿಚ್ಚಿದ ಅಚ್ಚಿನ ಸೀಳನ್ನು ಮತ್ತೆ ಟೇಪಿನಿಂದ ಮುಚ್ಚಿ ತುಂಬಿಸುವಾಗ ನಮ್ಮ ಹವೆ ನೆನಪಿರಬೇಕು. ಹಳೇ ಪೇಪರ್ ಉಂಡೆ ಇಲ್ಲಿ ಬೇಡ. ಮಳೆಗಾಲದಲ್ಲಿ ತೇವ ಎಳೆದು ಬೂಸ್ಟು ಹಿಡಿಯುತ್ತದೆ, ಕುಸಿಯುತ್ತದೆ. ದಿಂಬಿಗೆ ಹಾಕುವ ಫೈಬರ್ ತುಂಬಿದೆ. ಇನ್ನೊಂದು ವಿಷಯ: ಮನುಷ್ಯನ ಎದೆ ಅಗಲ ಜಾಸ್ತಿ, ದಪ್ಪ ಕಡಿಮೆ. ತುಂಬುತ್ತಾ ಹೋದರೆ ಡಮ್ಮಿ ಪೀಪಾಯಿಯ ಹಾಗೆ ದುಂಡಗಾಗುತ್ತದೆ, ಸುತ್ತಳತೆ ಸರಿ ಇದ್ದರೂ ಆಕಾರ ತಪ್ಪುತ್ತದೆ. ಅದಕ್ಕೆ ತಮ್ಮನ ಮುಂದೆ ಹಿಂದೆ ಒಂದೊಂದು ಹಲಗೆ ಹಿಡಿದು ದಪ್ಪವನ್ನೂ, ಎರಡೂ ಪಕ್ಕ ಹಿಡಿದು ಅಗಲವನ್ನೂ ಅಳೆದಿದ್ದೆ. ಆ ಅಳತೆಗೆ ಪ್ಲೈವುಡ್‌ನಲ್ಲಿ ಎರಡು ಮೊಟ್ಟೆಯಾಕಾರ ಕತ್ತರಿಸಿ, ಎದೆಗೊಂದು ಸೊಂಟಕ್ಕೊಂದು ಕಂಬಕ್ಕೆ ಹೊಡೆದೆ. ಕಂಬ ತೋಟದಲ್ಲಿ ಕಡಿದು ಒಣಗಿಸಿಟ್ಟಿದ್ದ ಸಿಲ್ವರ್ ಓಕ್ ಕೊಂಬೆ. ನೇರವಾಗಿರುತ್ತದೆ, ಕೆಳಗೆ ಹಲಗೆ ಹೊಡೆದರೆ ನಿಲ್ಲುತ್ತದೆ.

ಕವಚದ ಮಾದರಿ ತೆಗೆಯುವುದು ಸುಲಭ. ಡಮ್ಮಿಗೆ ಫಿಲ್ಮ್ ಸುತ್ತಿ, ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕವಚದ ಗೆರೆ ಬರೆದು ಬಿಡಿಸಿಕೊಂಡರೆ ಆಯಿತು. ಅರ್ಧ ಭಾಗ ಮಾತ್ರ ತೆಗೆದು ತಿರುಗಿಸಿ ಇನ್ನರ್ಧ ಮಾಡುತ್ತೇನೆ, ಎರಡೂ ಕಡೆ ಒಂದೇ ಬರುತ್ತದೆ. ಕವಚ ಮಾಡುವುದು ಇವಿಎ ಫೋಮಿನಲ್ಲಿ, ಅದು ರಬ್ಬರಿನಂಥ ಹಗುರ ಹಾಳೆ. ಮಾದರಿಯಂತೆ ಕತ್ತರಿಸಿದ ಆ ಶೀಟನ್ನು ಹೀಟ್ ಗನ್‌ನಿಂದ ಕಾಯಿಸುವುದು ಡಮ್ಮಿಯಿಂದ ದೂರ. ಬಿಸಿ ಗಾಳಿ ತಾಗಿದರೆ ಟೇಪಿನ ಅಂಟು ಕರಗಿ ಜಾರುತ್ತದೆ. ಕಾಯಿಸಿ ತಂದು, ಬಟ್ಟೆ ಹೊದಿಸಿದ ಡಮ್ಮಿಯ ಮೇಲೆ ಒತ್ತಿ, ಆರುವವರೆಗೆ ಹಿಡಿಯುತ್ತೇನೆ. ತುಂಡುಗಳನ್ನು ಅಂಟಿಸಲು ಫೆವಿಕಾಲ್ ಎಸ್‌ಆರ್ 998 ಅನ್ನುವ ರಬ್ಬರ್ ಅಂಟನ್ನು ಎರಡೂ ಕಡೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಜೋಡಿಸಬೇಕು. ಜಡಿಮಳೆಯಲ್ಲಿ ಆರಲು ಜಾಸ್ತಿ ಹೊತ್ತು ಬೇಕು. ಚಳಿ ಅಂತ ಕಿಟಕಿ ಮುಚ್ಚಬೇಡಿ, ಅಂಟಿನ ಹಬೆ ಒಳ್ಳೆಯದಲ್ಲ. ಹತ್ತಿರ ಬೆಂಕಿಯೂ ಇರಬಾರದು.

ದಸರಾಕ್ಕೆ ಬಂದ ತಮ್ಮ ಕವಚ ಹಾಕಿಕೊಂಡು ಕೈ ಎತ್ತಿ, ಬಗ್ಗಿ ನೋಡಿ, "ಅಕ್ಕ, ಎಲ್ಲೂ ಒತ್ತಲ್ಲ" ಅಂದ. ಪಕ್ಕದ ಬೆಲ್ಟು ಮಾತ್ರ ಒಂದು ತೂತು ಬಿಗಿ ಮಾಡಿದೆವು. ಡಮ್ಮಿ ಈಗಲೂ ಇದೆ. ಅವನು ದಪ್ಪಗಾದರೆ ಆ ಜಾಗಕ್ಕೆ ತೆಳು ಫೋಮ್ ಸುತ್ತಿ ಟೇಪ್ ಹಾಕಿದರೆ ಸಾಕು. ಸಣ್ಣಗಾದರೆ ಮಾತ್ರ ಹೊಸದು ಮಾಡಬೇಕು.