ಐಐಎಚ್‌ನಲ್ಲಿ ಸಿಆರ್‌ಪಿ ಅಳೆದ ಕಥೆ

ತಲೆನೋವು, ಬಗ್ಗಿ ಎದ್ರೆ ಒಂದೆರಡು ಸೆಕೆಂಡ್ ಕಣ್ಣು ಕತ್ತಲೆ, ಕಿವೀಲಿ ನಾಡಿ ಬಡಿದಂಗೆ ಸದ್ದು, ಫಂಡಸ್ (ಕಣ್ಣಿನ ಒಳಗಿನ ಹಿಂಭಾಗ) ನೋಡಿದ್ರೆ ಕಣ್ಣಿನ ನರ ಊದಿರುತ್ತೆ, ಆದ್ರೆ ಎಂಆರ್‌ಐನಲ್ಲಿ ಗೆಡ್ಡೆ ಇಲ್ಲ, ಮಿದುಳಿನ ರಕ್ತನಾಳ ನೋಡೋ ವೆನೋಗ್ರಾಮಲ್ಲಿ ಕ್ಲಾಟೂ ಇಲ್ಲ. ಇದನ್ನೇ ಐಐಎಚ್ ಅನ್ನೋದು, ಅಂದ್ರೆ ಕಾರಣ ಗೊತ್ತಾಗದೆ ತಲೆಬುರುಡೆ ಒಳಗಿನ ಪ್ರೆಷರ್ ಏರೋದು. ಬರೋರು ಹೆಚ್ಚಾಗಿ ತೂಕ ಜಾಸ್ತಿ ಇರೋ ಹರೆಯದ ಹೆಣ್ಮಕ್ಕಳು. ಇವರ ರಕ್ತದಲ್ಲಿ ಉರಿಯೂತದ ಮಾರ್ಕರ್ ಏರಿರುತ್ತಾ ಅನ್ನೋದು ನನ್ನ ಪಿಜಿ ಥೀಸಿಸ್.

ಏರಿರುತ್ತೆ, ಸುಮಾರು ಜನರಲ್ಲಿ. ಆದ್ರೆ ಕೊಬ್ಬಿನ ಅಂಗಾಂಶಾನೇ ಐಎಲ್-6 ಅನ್ನೋ ಉರಿಯೂತದ ಸಿಗ್ನಲ್ ಬಿಡುತ್ತೆ, ಅದಕ್ಕೆ ಲಿವರ್ ಸಿಆರ್‌ಪಿ ಅನ್ನೋ ಪ್ರೋಟೀನ್ ತಯಾರು ಮಾಡುತ್ತೆ, ಅದೇ ನಾವು ಅಳೆಯೋ ಮಾರ್ಕರ್, ಅಂದ್ಮೇಲೆ ಏರಿದ್ದು ಪ್ರೆಷರಿಂದಾನಾ ತೂಕದಿಂದಾನಾ? ಅದಕ್ಕೇ ಕಂಟ್ರೋಲ್ ಗ್ರೂಪ್‌ಗೆ ಕೈಗೆ ಸಿಗೋ ತೆಳ್ಳಗಿನ ಸ್ಟೂಡೆಂಟ್ಸ್ ಬೇಡ ಅಂತ, ಕಣ್ಣಿನ ಒಪಿಡಿಗೆ ಕನ್ನಡಕದ ನಂಬರ್ ನೋಡಿಸೋಕೆ ಬಂದೋರಲ್ಲಿ ಅದೇ ವಯಸ್ಸು ಅದೇ ಬಿಎಂಐ ಇರೋರನ್ನ ಹುಡುಕಿದೆ, ಫಂಡಸ್ ಹೇಗೂ ಅಲ್ಲೇ ನೋಡ್ಬಹುದು. "ದಪ್ಪ ಇದೀನಿ ಅಂತ ನನ್ನೇ ಹಿಡ್ಕೊಂಡ್ರಾ ಡಾಕ್ಟ್ರೇ?" ಅಂತ ಒಬ್ರು ಕೇಳೇಬಿಟ್ರು. ಹೌದಮ್ಮಾ ಅಂದೆ. ನಕ್ಕು ಕೈ ಚಾಚಿದ್ರು.

ಇನ್ನು ರಕ್ತ ತಗೊಳ್ಳೋ ಟೈಮು. ಹೊರಗಡೆ ಯಾರಾದ್ರೂ ಆಗ್ಲೇ ಸ್ಟೀರಾಯ್ಡ್ ಶುರು ಮಾಡಿದ್ರೆ ಬಿಳಿರಕ್ತಕಣಗಳಲ್ಲಿ ನ್ಯೂಟ್ರೋಫಿಲ್ ಮೇಲೆ, ಲಿಂಫೋಸೈಟ್ ಕೆಳಗೆ, ಇವೆರಡರ ಅನುಪಾತ ಆಗಿರೋ ಎನ್‌ಎಲ್‌ಆರ್ ಅನ್ನೋ ಇನ್ನೊಂದು ಮಾರ್ಕರ್ ಸುಮ್ಸುಮ್ನೆ ಜಿಗಿಯುತ್ತೆ, ಅಂಥೋರನ್ನ ಸೇರಿಸ್ಲಿಲ್ಲ. ಹೈ ಸೆನ್ಸಿಟಿವಿಟಿ ಸಿಆರ್‌ಪಿ ಲೀಟರ್‌ಗೆ 10 ಮಿಲಿಗ್ರಾಂ ದಾಟಿದ್ರೆ ನೆಗಡಿನೋ ಹಲ್ಲುನೋವೋ ಉರಿಮೂತ್ರನೋ ಅಂತ ವಿಚಾರಿಸಿ, ಎರಡು ವಾರ ಬಿಟ್ಟು ಮತ್ತೆ ಕಳಿಸ್ತಿದ್ದೆ. ಕೆಂಪುಕಣ ಎಷ್ಟು ಬೇಗ ತಳಕ್ಕೆ ಇಳಿಯುತ್ತೆ ಅಂತ ನೋಡೋ ಇಎಸ್‌ಆರ್ ಅಂತೂ ಬರೀ ರಕ್ತಹೀನತೆ ಇದ್ರೂ ಸಾಕು, ಏರುತ್ತೆ, ನಮ್ಮ ಕಡೆ ಹೆಣ್ಮಕ್ಕಳಲ್ಲಿ ಅದಕ್ಕೇನು ಬರಾನಾ, ಹಿಮೋಗ್ಲೋಬಿನ್ ಪಕ್ಕದಲ್ಲಿಟ್ಕೊಳ್ದೆ ಇಎಸ್‌ಆರ್ ಓದಲೇಬಾರ್ದು.

ತಲೆ ಪ್ರೆಷರ್ ಅಳೆಯೋಕೆ ಬೆನ್ನಿನ ನೀರು (ಮಿದುಳು, ಬೆನ್ನುಹುರಿ ಸುತ್ತ ಇರೋ ದ್ರವ) ತೆಗೆಯೋವಾಗ ಪಕ್ಕಕ್ಕೆ ಮಲಗಿಸಿ, ಸೂಜಿ ಸರಿಯಾಗಿ ಕೂತ ಮೇಲೆ ಕಾಲು ನಿಧಾನ ಚಾಚಿಸಿ, ಉಸಿರು ಬಿಗಿಹಿಡಿಬೇಡಿ ಅಂತ ಹೇಳಿ, ಆಮೇಲೇ ಮಾನೋಮೀಟರ್ ಓದೋದು. ಹೊಟ್ಟೆ ಒತ್ಕೊಂಡು ಮುದುಡಿ ಮಲಗಿದ್ರೆ ಅಷ್ಟಕ್ಕೇ ಐಐಎಚ್‌ಗೆ ಇಟ್ಕೊಂಡಿರೋ 25 ಸೆಂಟಿಮೀಟರ್ ನೀರಿನ ಒತ್ತಡದ ಗಡಿ ದಾಟಿದಂಗೆ ಕಾಣ್ಬಹುದು. ಐಎಲ್-6ಗೆ ಇಟ್ಟ ಸ್ಯಾಂಪಲ್ ತಕ್ಷಣ ಸೆಂಟ್ರಿಫ್ಯೂಜ್ ಮಾಡಿಸಿ, ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಮೈನಸ್ 80 ಫ್ರೀಜರ್‌ಗೆ ಹಾಕ್ತಿದ್ದೆ, ಕರಗಿಸಿದ್ದನ್ನ ಮತ್ತೆ ಫ್ರೀಜ್ ಮಾಡೋ ಹಾಗಿಲ್ಲ. ರಕ್ತ ಬೆರೆತ ನೀರು ಲೆಕ್ಕಕ್ಕಿಲ್ಲ.

ತೂಕ ಸರಿದೂಗಿಸಿದ ಮೇಲೆ ಸಿಆರ್‌ಪಿಯ ಅಂತರ ಬಹಳ ಕುಗ್ಗಿತು. ಗೈಡ್‌ಗೆ ಸ್ವಲ್ಪ ಬೇಜಾರಾಯ್ತು, ನಂಗಾಗ್ಲಿಲ್ಲ. ಈಗ್ಲೂ ಕೆಲವರು ಸಿಆರ್‌ಪಿ 6 ಇದೆ, ತಲೆ ಪ್ರೆಷರ್ ಏರಿದ್ಯಾ ಅಂತ ರಿಪೋರ್ಟ್ ಕಳಿಸ್ತಾರೆ. ಸುತ್ತಲಿನ ನೋಟ ಎಷ್ಟಿದೆ ಅಂತ ಅಳೆಯೋ ಕಣ್ಣಿನ ಫೀಲ್ಡ್ ಟೆಸ್ಟ್ ಮಾಡ್ಸಿದ್ರಾ ಅಂತ ನಾನು ಕೇಳ್ತೀನಿ.