ಟಾಹೋಗೆ ಹೊರಡುವ ಮುನ್ನ ಚೈನ್ ಬೋರ್ಡಿನ ಲೆಕ್ಕ ತಿಳಿದಿರಲಿ

ಡಿಸೆಂಬರ್ ಕೊನೆಯ ವಾರ ಆಫೀಸಿಗೆ ರಜೆ ಬಿತ್ತು ಅಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದ ಎಷ್ಟೋ ಕನ್ನಡದ ಮನೆಗಳು ಬೆಟ್ಟದ ಮೇಲಿನ ಸರೋವರ ಲೇಕ್ ಟಾಹೋ ಕಡೆ ಹೊರಡುತ್ತವೆ. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಮಕ್ಕಳಿಗೆ ಹಿಮದಲ್ಲಿ ಆಡಬೇಕು, ಮೂರು ಮನೆಯವರು ಸೇರಿ ಕ್ಯಾಬಿನ್ ಬುಕ್ ಮಾಡಿಯಾಗಿರುತ್ತೆ. ಸ್ಯಾನ್ ಹೋಸೆಯಲ್ಲಿ ಆವತ್ತು ಒಳ್ಳೆ ಬಿಸಿಲು. ಮೋಸ ಹೋಗುವುದು ಅಲ್ಲೇ. ಸ್ಯಾಕ್ರಮೆಂಟೊ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿದೆ. ಅಲ್ಲಿಂದ ಎರಡು ಗಂಟೆಯೊಳಗೆ ಐ-80 ರಸ್ತೆ 7,239 ಅಡಿ ಎತ್ತರದ ಡಾನರ್ ಸಮಿಟ್ ಏರಿಬಿಡುತ್ತೆ. ಹೈವೇ 50ರ ಎಕೋ ಸಮಿಟ್ ಇನ್ನೂ ಎತ್ತರ, 7,382 ಅಡಿ. ಕೆಳಗೆ ವೈಪರ್ ಹಾಕುವಷ್ಟು ಮಳೆ ಇದ್ದರೆ ಮೇಲೆ ಹಿಮ ಸುರಿಯುತ್ತಿದೆ ಎಂದೇ ಇಟ್ಟುಕೊಳ್ಳಿ.

ಹಿಮ ಬಿದ್ದ ಮೇಲೆ ಆ ರಸ್ತೆಯಲ್ಲಿ ಯಾವ ಗಾಡಿ ಹೋಗಬಹುದು ಎನ್ನುವುದನ್ನು ತೀರ್ಮಾನಿಸುವುದು ಕ್ಯಾಲ್‌ಟ್ರಾನ್ಸ್, ಅಂದರೆ ರಾಜ್ಯದ ಸಾರಿಗೆ ಇಲಾಖೆ. ಹಿಮದಲ್ಲಿ ಜಾರದ ಹಾಗೆ ಟೈರಿನ ಸುತ್ತ ಕಟ್ಟುವ ಸರಪಳಿಯೇ ಚೈನ್. ಅದನ್ನು ಯಾವಾಗ ಯಾರು ಕಟ್ಟಬೇಕು ಎಂದು ಹೇಳುವ ಅವರ ಚೈನ್ ಕಂಟ್ರೋಲ್‌ನಲ್ಲಿ ಮೂರು ಹಂತಗಳಿವೆ. ಆರ್-1 ಬೋರ್ಡ್ ಇದ್ದರೆ ಚೈನ್ ಕಡ್ಡಾಯ, ಆದರೆ ಎಂಜಿನ್ ಶಕ್ತಿ ಹೋಗುವ ಚಕ್ರಗಳಿಗೆ ಸ್ನೋ ಟೈರ್ ಇರುವ ಸಾಮಾನ್ಯ ಕಾರುಗಳಿಗೆ ವಿನಾಯಿತಿ. ಆರ್-2 ಬಂತೆಂದರೆ ಆ ವಿನಾಯಿತಿ ನಾಲ್ಕೂ ಚಕ್ರಕ್ಕೆ ಸ್ನೋ ಟೈರ್ ಇರುವ ಆಲ್ ವೀಲ್ ಡ್ರೈವ್ ಅಥವಾ ಫೋರ್ ವೀಲ್ ಡ್ರೈವ್ ಗಾಡಿಗೆ ಮಾತ್ರ. ಆರ್-3ರಲ್ಲಿ ಎಲ್ಲರಿಗೂ ಚೈನ್ ಬೇಕು, ಯಾರಿಗೂ ರಿಯಾಯಿತಿ ಇಲ್ಲ. ಪರಿಸ್ಥಿತಿ ಅಲ್ಲಿಗೆ ಮುಟ್ಟುವ ಮೊದಲೇ ರಸ್ತೆ ಮುಚ್ಚುವುದೇ ಹೆಚ್ಚು.

"ನಮ್ಮದು ಆಲ್ ವೀಲ್ ಡ್ರೈವ್ ಕಣ್ರೀ, ಚೈನ್ ಯಾಕೆ?" ಎನ್ನುವ ಮಾತು ಪ್ರತಿ ಪಾಟ್‌ಲಕ್‌ನಲ್ಲೂ ಕಿವಿಗೆ ಬೀಳುತ್ತೆ. ವಿನಾಯಿತಿ ಇರುವುದು ಚೈನ್ ಕಟ್ಟುವುದರಿಂದ, ಇಟ್ಟುಕೊಳ್ಳುವುದರಿಂದ ಅಲ್ಲ. ಕಂಟ್ರೋಲ್ ಇರುವ ಕಡೆ ಆ ಗಾಡಿಗಳ ಡಿಕ್ಕಿಯಲ್ಲೂ ಚೈನ್ ಇರಲೇಬೇಕು. ಇನ್ನೊಂದು ಮಾತು: ನಾಲ್ಕು ಚಕ್ರಕ್ಕೂ ಶಕ್ತಿ ಹೋದರೆ ಗಾಡಿ ಮುಂದಕ್ಕೆ ಸಲೀಸಾಗಿ ಹೋಗುತ್ತೆ ಅಷ್ಟೆ. ಬ್ರೇಕ್ ಒತ್ತಿದಾಗ ನಿಲ್ಲಿಸುವುದು ಟೈರು. ಸವೆದ ಟೈರಿನ ದೊಡ್ಡ ಎಸ್‌ಯುವಿಗಿಂತ ಒಳ್ಳೆ ಸ್ನೋ ಟೈರ್ ಹಾಕಿದ ಹಳೇ ಸೆಡಾನ್ ಎಷ್ಟೋ ವಾಸಿ. ಟೈರಿನ ಬದಿಯಲ್ಲಿ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ) ಅಥವಾ ಮೂರು ಶಿಖರದ ನಡುವೆ ಹಿಮದ ಹರಳಿನ ಗುರುತು ಇದೆಯಾ ನೋಡಿ. ಎರಡನೆಯದು ಇದ್ದರೆ ಅದು ಹಿಮದಲ್ಲಿ ಪರೀಕ್ಷೆ ಪಾಸಾದ ಟೈರು ಎಂದರ್ಥ.

ಚೈನ್ ಕೊಳ್ಳುವಾಗ ಟೈರಿನ ಮೇಲಿರುವ ಅಳತೆ ಪೂರ್ತಿ ಬರೆದುಕೊಂಡು ಹೋಗಿ. ಕೆಲವು ಕಾರುಗಳಲ್ಲಿ ಚಕ್ರಕ್ಕೂ ಬಾಡಿಗೂ ನಡುವೆ ಜಾಗ ಕಮ್ಮಿ, ಅವಕ್ಕೆ ತೆಳ್ಳನೆಯ ಕೇಬಲ್ ಮಾತ್ರ ಆಗಿಬರುತ್ತೆ. ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಇದನ್ನು ಹೇಳಿರುತ್ತಾರೆ. ತಂದ ಮೇಲೆ ಪೆಟ್ಟಿಗೆ ಸಮೇತ ಡಿಕ್ಕಿಗೆ ಎಸೆಯಬೇಡಿ. ಮನೆ ಮುಂದೆಯೇ, ಹಗಲು ಹೊತ್ತಿನಲ್ಲಿ, ಒಂದು ಸಲ ಹಾಕಿ ತೆಗೆದು ನೋಡಿ. ಐ-80ರ ಕಿಂಗ್‌ವೇಲ್ ಹತ್ತಿರ ರಸ್ತೆ ಪಕ್ಕ ನಿಂತು ಹಾಕುವುದೇ ಬೇರೆ ಕಥೆ. ಕತ್ತಲು, ಮೊಣಕಾಲ ಕೆಳಗೆ ಕೆಸರಾದ ಹಿಮ, ಪಕ್ಕದಲ್ಲೇ ಟ್ರಕ್ಕುಗಳು. ಬರಿಗೈಯಲ್ಲಿ ಆ ಕಬ್ಬಿಣದ ಕೊಂಡಿ ಹಿಡಿದರೆ ಐದು ನಿಮಿಷಕ್ಕೆ ಬೆರಳು ಮರಗಟ್ಟುತ್ತೆ. ನೀರು ಒಳಗಿಳಿಯದ ಗ್ಲೌಸ್, ತಲೆಗೆ ಕಟ್ಟುವ ಲೈಟು, ಮೊಣಕಾಲಿಗೆ ಹಾಸಲು ಹಳೇ ಮ್ಯಾಟ್ ಇಟ್ಟುಕೊಳ್ಳಿ. ಫ್ರಂಟ್ ವೀಲ್ ಡ್ರೈವ್ ಆದರೆ ಮುಂದಿನ ಚಕ್ರಕ್ಕೇ ಹಾಕಬೇಕು, ಹಿಂದಕ್ಕೆ ಹಾಕಿ ಒದ್ದಾಡುವವರೂ ಇದ್ದಾರೆ. ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಆಮೇಲೆ ಗಂಟೆಗೆ 25-30 ಮೈಲಿ ದಾಟುವ ಹಾಗಿಲ್ಲ. ನಿಮ್ಮ ಕೈಲಾಗದಿದ್ದರೆ ಎದೆ ಮೇಲೆ ನಂಬರ್ ಇರುವ ಪರವಾನಗಿ ಪಡೆದ ಇನ್‌ಸ್ಟಾಲರ್‌ಗಳು ದುಡ್ಡಿಗೆ ಹಾಕಿಕೊಡುತ್ತಾರೆ. ಆದರೆ ಅವರು ಚೈನ್ ಮಾರುವ ಹಾಗಿಲ್ಲ, ಅದು ನಿಮ್ಮ ಹತ್ತಿರವೇ ಇರಬೇಕು.

ಬಾಡಿಗೆ ಕಾರಿನವರಿಗೆ ಇಲ್ಲೊಂದು ಗಂಟು. ಚೈನ್ ಹಾಕಕೂಡದು ಎಂದು ಎಷ್ಟೋ ಕಂಪನಿಗಳ ಕರಾರಿನಲ್ಲೇ ಬರೆದಿರುತ್ತೆ, ಇತ್ತ ರಸ್ತೆ ಬೋರ್ಡು ಹಾಕು ಅನ್ನುತ್ತೆ. ಕೌಂಟರಿನಲ್ಲಿ ಸಹಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಿ. ನಿಮ್ಮದೇ ಕಾರಾದರೆ ಇನ್ಶೂರೆನ್ಸ್ ಕಾಗದ ತೆರೆದು ನೋಡಿ: ಜಾರಿ ತಡೆಗೋಡೆಗೆ ಗುದ್ದಿದರೆ ನಿಮ್ಮ ಕಾರಿನ ರಿಪೇರಿಗೆ ಕೊಲಿಷನ್ ಕವರೇಜ್ ಬೇಕು, ಜಿಂಕೆ ಅಡ್ಡಬಂದರೆ ಅದು ಕಾಂಪ್ರಹೆನ್ಸಿವ್ ಲೆಕ್ಕ. ಬೇರೆಯವರಿಗಾದ ನಷ್ಟ ಮಾತ್ರ ಕಟ್ಟಿಕೊಡುವ ಲಯಬಿಲಿಟಿಯೊಂದನ್ನೇ ಇಟ್ಟುಕೊಂಡವರಿಗೆ ಎರಡೂ ಇಲ್ಲ.

ಹೊರಡುವ ಮುನ್ನ ನೋಡಬೇಕಾದ್ದು ಎರಡೇ. ರಸ್ತೆಗೆ ಕ್ಯಾಲ್‌ಟ್ರಾನ್ಸ್‌ನ ಕ್ವಿಕ್‌ಮ್ಯಾಪ್. ಎಲ್ಲಿ ಚೈನ್, ಎಲ್ಲಿ ಬಂದ್ ಅಂತ ತೋರಿಸುತ್ತೆ, ರಸ್ತೆ ಕ್ಯಾಮೆರಾ ಚಿತ್ರವೂ ಸಿಗುತ್ತೆ. ಹವಾಮಾನಕ್ಕೆ ನ್ಯಾಷನಲ್ ವೆದರ್ ಸರ್ವಿಸ್. ಅವರು ವಿಂಟರ್ ಸ್ಟಾರ್ಮ್ ವಾಚ್ ಅಂದರೆ ಬಿರುಗಾಳಿ ಬರುವ ಸಾಧ್ಯತೆ ಇದೆ. ವಾರ್ನಿಂಗ್ ಅಂದರೆ ಬರುವುದು ಹೆಚ್ಚುಕಡಿಮೆ ಖಾತ್ರಿ, ಇಲ್ಲವೇ ಬಂದೇ ಬಿಟ್ಟಿದೆ. ವಾರ್ನಿಂಗ್ ಇರುವ ದಿನ ಹೊರಡಬೇಡಿ. ಕ್ಯಾಬಿನ್ ದುಡ್ಡು ವಾಪಸ್ ಬರಲ್ಲ ಎನ್ನುವ ಒಂದೇ ಕಾರಣಕ್ಕೆ ಹೊರಟವರೇ ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುವುದು. ರದ್ದು ಮಾಡಬಹುದಾದ ಬುಕಿಂಗ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ಪರವಾಗಿಲ್ಲ ಅನ್ನುವುದು ನನ್ನ ಲೆಕ್ಕ.

ಐ-80 ಮುಚ್ಚಿದಾಗ ಫೋನಿನ ಮ್ಯಾಪು ಜಾಣತನ ತೋರಿಸಿ ಯಾವುದೋ ಕಾಡಿನ ಒಳದಾರಿ ಹೇಳಬಹುದು. ಹೋಗಬೇಡಿ. ಅಂಥ ದಾರಿಯಲ್ಲಿ ಹಿಮ ಬಳಿಯುವವರಿಲ್ಲ, ಎಷ್ಟೋ ಕಡೆ ಸಿಗ್ನಲ್ಲೂ ಇಲ್ಲ. ಮುಖ್ಯರಸ್ತೆಯಲ್ಲಾದರೆ ಪ್ಲೌ ಗಾಡಿ ಬರುತ್ತೆ. ಅದು ಮುಂದಿದ್ದರೆ ಹಿಂದಿಕ್ಕುವ ಯೋಚನೆ ಬಿಟ್ಟು ದೂರ ಇಟ್ಟುಕೊಂಡು ಹಿಂದೆಯೇ ಹೋಗಿ. ಕ್ರೂಸ್ ಕಂಟ್ರೋಲ್ ಆಫ್ ಇರಲಿ. ಸೇತುವೆ ಮೇಲೆ ಉಳಿದ ರಸ್ತೆಗಿಂತ ಮೊದಲು ನೀರು ಗಟ್ಟಿಯಾಗುತ್ತೆ, ಏಕೆಂದರೆ ಅದಕ್ಕೆ ಕೆಳಗಿನಿಂದಲೂ ಚಳಿಗಾಳಿ ತಾಗುತ್ತೆ. ಅಲ್ಲಿ ಬ್ರೇಕ್ ತುಳಿಯದೆ ಮೊದಲೇ ನಿಧಾನ ಮಾಡಿಕೊಳ್ಳಿ.

ಮಕ್ಕಳಿದ್ದರೆ ಇದು: ದಪ್ಪ ಜಾಕೆಟ್ ಮೇಲೆ ಕಾರ್ ಸೀಟಿನ ಪಟ್ಟಿ ಬಿಗಿದರೆ ಅದು ಬಿಗಿದ ಹಾಗೆ ಕಾಣುತ್ತೆ ಅಷ್ಟೆ. ಅಪಘಾತದಲ್ಲಿ ಜಾಕೆಟ್ ಒಳಗಿನ ಗಾಳಿ ಚಪ್ಪಟೆಯಾಗಿ ಪಟ್ಟಿ ಸಡಿಲವಾಗುತ್ತೆ. ಜಾಕೆಟ್ ತೆಗೆದು ಪಟ್ಟಿ ಕಟ್ಟಿ, ಮೇಲೆ ಕಂಬಳಿ ಹೊದಿಸಿ. ಅಳುತ್ತೆ ಅಂತ ಮೊಮ್ಮಗುವನ್ನು ಅಜ್ಜಿ ತೊಡೆ ಮೇಲೆ ಕೂರಿಸಿಕೊಳ್ಳುವುದಕ್ಕೆ ಇಲ್ಲಿ ಕಾನೂನು ಒಪ್ಪಲ್ಲ. ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಗೂ ಬೆಲ್ಟ್ ಕಡ್ಡಾಯ.

ಗಂಟೆಗಟ್ಟಲೆ ಸಿಕ್ಕಿಕೊಂಡರೆ ಕಾರು ಬಿಟ್ಟು ನಡೆದು ಹೋಗಬೇಡಿ, 911ಕ್ಕೆ ಕರೆ ಮಾಡಿ. ಹೀಟರ್‌ಗಾಗಿ ಎಂಜಿನ್ ಹಾಕುವ ಮುನ್ನ ಇಳಿದು ಸೈಲೆನ್ಸರ್ ಕೊಳವೆ ಸುತ್ತಲಿನ ಹಿಮ ಕೆದರಿ ತೆಗೆಯಲೇಬೇಕು. ಅದು ಮುಚ್ಚಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಎನ್ನುವ ವಿಷಗಾಳಿ ಒಳಗೆ ತುಂಬುತ್ತೆ, ಅದಕ್ಕೆ ವಾಸನೆಯೂ ಇಲ್ಲ. ಗಂಟೆಗೆ ಹತ್ತು ನಿಮಿಷ ಓಡಿಸಿ, ಒಂದು ಕಿಟಕಿ ಚೂರು ತೆರೆದಿಡಿ. ಎಲೆಕ್ಟ್ರಿಕ್ ಕಾರಿಗೆ ಈ ಹೊಗೆಯ ಭಯವಿಲ್ಲ, ಆದರೆ ಚಳಿಯಲ್ಲಿ ರೇಂಜ್ ಇಳಿಯುತ್ತೆ. ಬೆಟ್ಟ ಏರುವ ಮುನ್ನವೇ ಚಾರ್ಜ್ ತುಂಬಿಸಿ. ನೀರು, ಕಂಬಳಿ, ಅಪ್ಪ ಅಮ್ಮನ ಮಾತ್ರೆ, ಚಪಾತಿ ಡಬ್ಬಿ ಇವೆಲ್ಲ ಡಿಕ್ಕಿಯಲ್ಲಿ ಬೇಡ, ಕೈಗೆ ಸಿಗುವ ಕಡೆ ಇರಲಿ.

ವಾಪಸ್ ಬರುವಾಗ ಚೈನ್ ಕಂಟ್ರೋಲ್ ಮುಗಿಯಿತು ಎನ್ನುವ ಬೋರ್ಡ್ ಕಂಡ ಮೇಲೆ, ನಿಲ್ಲಿಸಲು ಜಾಗ ಮಾಡಿರುವ ಕಡೆ ಚೈನ್ ಬಿಚ್ಚಿ. ಒಣ ರಸ್ತೆಯಲ್ಲಿ ಹಾಗೇ ಓಡಿಸಿದರೆ ಅದು ತುಂಡಾಗಿ ಕಾರಿನ ಬದಿಗೇ ಬಡಿಯುತ್ತೆ. ಮನೆಗೆ ಬಂದು ತೊಳೆದು ಒಣಗಿಸಿಟ್ಟರೆ ತುಕ್ಕು ಹಿಡಿಯಲ್ಲ. ಪೆಟ್ಟಿಗೆಯನ್ನೇ ತೆರೆಯದಿದ್ದರೆ ಕೆಲವು ಅಂಗಡಿಗಳು ವಾಪಸ್ ತೆಗೆದುಕೊಳ್ಳುತ್ತವೆ, ಬಿಲ್ ಬಿಸಾಕಬೇಡಿ.