ಟಚ್‌ಸ್ಕ್ರೀನ್ ಇದೆಯೆಂದು ತಪಾಸಣಾ ತಂತ್ರಾಂಶಕ್ಕೆ ತಿಳಿಯುವುದು ಹೇಗೆ?

ಹುಬ್ಬಳ್ಳಿಯ ದುರ್ಗದಬೈಲ್ ಅಥವಾ ಕೊಪ್ಪಿಕರ ರಸ್ತೆಯ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಟಚ್ ಮಾನಿಟರ್ ಸ್ಪಂದಿಸದಿದ್ದರೆ ಎಲ್ಲರಿಗೂ ಮೊದಲು ಅನುಮಾನ ಬರುವುದು ಗಾಜಿನ ಮೇಲೆ. ಆದರೆ ತಪಾಸಣಾ ತಂತ್ರಾಂಶ ಗಾಜನ್ನು ಹುಡುಕುವುದಿಲ್ಲ. ಗಾಜಿಗೆ ಜೋಡಿಸಿದ, ಸ್ಪರ್ಶವನ್ನು ಕಂಪ್ಯೂಟರ್‌ಗೆ ತಿಳಿಸುವ ಕಂಟ್ರೋಲರ್ ಚಿಪ್ಪನ್ನು ಹುಡುಕುತ್ತದೆ. ಹುಡುಕಾಟ ಯಾವ ಹಂತದಲ್ಲಿ ನಿಂತಿತು ಎಂಬುದರಿಂದಲೇ ದೋಷದ ಜಾಗ ಬಹುಮಟ್ಟಿಗೆ ಗೊತ್ತಾಗುತ್ತದೆ.

ಮೊದಲು ಕೇಬಲ್ ನೋಡಿ. ಚಿತ್ರ ಎಚ್‌ಡಿಎಂಐ ಅಥವಾ ವಿಜಿಎ ಕೇಬಲ್‌ನಲ್ಲಿ ಬರುತ್ತದೆ. ಸ್ಪರ್ಶದ ಸಂಕೇತಕ್ಕೆ ಸಾಮಾನ್ಯವಾಗಿ ಬೇರೆ ಯುಎಸ್‌ಬಿ ಕೇಬಲ್ ಇರುತ್ತದೆ. ಚಿತ್ರ ಚೆನ್ನಾಗಿ ಕಾಣುತ್ತಿದೆ ಎಂದ ಮಾತ್ರಕ್ಕೆ ಟಚ್ ಸಂಪರ್ಕವೂ ಸರಿಯಿದೆ ಎನ್ನಲಾಗದು.

ಯುಎಸ್‌ಬಿ ಕೇಬಲ್ ಸಿಕ್ಕಿಸಿದ ಕೂಡಲೇ ಸಾಧನದೊಳಗಿನ 1.5 ಕಿಲೋಓಮ್ ರೆಸಿಸ್ಟರ್ ಒಂದು ಡೇಟಾ ತಂತಿಯ ವೋಲ್ಟೇಜನ್ನು ಮೇಲಕ್ಕೆತ್ತುತ್ತದೆ. ಏನೋ ಜೋಡಣೆಯಾಗಿದೆ ಎಂದು ಅದರಿಂದ ಅರಿತ ಕಂಪ್ಯೂಟರ್, ಸಾಧನವನ್ನು ರೀಸೆಟ್ ಮಾಡಿ, ಅದಕ್ಕೊಂದು ವಿಳಾಸ ಕೊಟ್ಟು, ಅದರ ವಿವರ ಕೇಳುತ್ತದೆ. ಉತ್ತರದಲ್ಲಿ ತಯಾರಕರ ಸಂಖ್ಯೆ ಮತ್ತು ಉತ್ಪನ್ನದ ಸಂಖ್ಯೆ ಎರಡೂ ಇರುತ್ತವೆ. ಉದಾಹರಣೆಗೆ, ತಯಾರಕರ ಸಂಖ್ಯೆ 0596 ಆಗಿದ್ದರೆ ಅದು 3ಎಂ ಮೈಕ್ರೊಟಚ್‌ನದು. ತಂತ್ರಾಂಶ ಈ ಸಂಖ್ಯೆಗಳನ್ನು ತನ್ನ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಪಟ್ಟಿಯಲ್ಲಿ ಇಲ್ಲದ ಸಾಧನವನ್ನೂ ಅದು ಗುರುತಿಸಬಲ್ಲದು, ಏಕೆಂದರೆ ಎಚ್‌ಐಡಿ (ಹ್ಯೂಮನ್ ಇಂಟರ್‌ಫೇಸ್ ಡಿವೈಸ್, ಅಂದರೆ ಕೀಬೋರ್ಡ್, ಮೌಸ್, ಟಚ್‌ನಂತಹ ಸಾಧನಗಳ ವರ್ಗ) ವಿವರಣೆಯಲ್ಲಿ ಟಚ್‌ಸ್ಕ್ರೀನ್‌ಗೆ 4, ಟಚ್‌ಪ್ಯಾಡ್‌ಗೆ 5 ಎಂಬ ಸಂಕೇತಗಳು ಮೊದಲೇ ನಿಗದಿಯಾಗಿವೆ.

ವಿಂಡೋಸ್‌ನಲ್ಲಿ ಇದನ್ನು ನೀವೇ ನೋಡಬಹುದು. ಡಿವೈಸ್ ಮ್ಯಾನೇಜರ್ ತೆರೆದು, ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ವಿಭಾಗದಲ್ಲಿ ‘ಎಚ್‌ಐಡಿ-ಕಂಪ್ಲಾಯಂಟ್ ಟಚ್ ಸ್ಕ್ರೀನ್’ ಎಂಬ ಸಾಲು ಹುಡುಕಿ. ಕೇಬಲ್ ತೆಗೆದು ಸಿಕ್ಕಿಸಿದರೂ ಯಾವ ಬದಲಾವಣೆಯೂ ಕಾಣದಿದ್ದರೆ ಬೇರೆ ಕೇಬಲ್, ಬೇರೆ ಪೋರ್ಟ್ ಬಳಸಿ ನೋಡಿ. ‘ಅನ್‌ನೋನ್ ಯುಎಸ್‌ಬಿ ಡಿವೈಸ್’ ಎಂದು ಬಂದರೆ ಜೋಡಣೆ ತಿಳಿದಿದೆ, ಆದರೆ ಕಂಟ್ರೋಲರ್ ತನ್ನ ವಿವರ ಸರಿಯಾಗಿ ಕೊಟ್ಟಿಲ್ಲ ಎಂದರ್ಥ. ಸಾಲು ಸರಿಯಾಗಿದ್ದೂ ಟಚ್ ಆಗದಿದ್ದರೆ ಮಾತ್ರ ಗಾಜು, ಅದರ ಚಪ್ಪಟೆ ಕೇಬಲ್ ಅಥವಾ ಕ್ಯಾಲಿಬ್ರೇಶನ್ (ಮುಟ್ಟಿದ ಜಾಗವನ್ನು ಪರದೆಯ ಜಾಗಕ್ಕೆ ಹೊಂದಿಸುವುದು) ಕಡೆ ತಿರುಗಬೇಕು.

ಯುಎಸ್‌ಬಿ ಬದಲು ಹಳೆಯ ಸೀರಿಯಲ್ ಪೋರ್ಟ್‌ಗೆ ಜೋಡಿಸುವ ಟಚ್‌ಸ್ಕ್ರೀನ್‌ಗಳು ಹೀಗೆ ತಾವಾಗಿ ಗುರುತು ಹೇಳಿಕೊಳ್ಳುವುದಿಲ್ಲ. ತಂತ್ರಾಂಶವೇ ಒಂದೊಂದು ಕಾಮ್ ಪೋರ್ಟನ್ನೂ (ಸೀರಿಯಲ್ ಪೋರ್ಟಿಗೆ ವಿಂಡೋಸ್ ಕೊಡುವ ಹೆಸರು) ತೆರೆದು, ಸೆಕೆಂಡಿಗೆ 9600 ಬಿಟ್‌ನಂತಹ ವೇಗಗಳಲ್ಲಿ ಪ್ರಶ್ನೆ ಕಳುಹಿಸಿ, ನಿರೀಕ್ಷಿತ ಉತ್ತರಕ್ಕಾಗಿ ಕಾಯುತ್ತದೆ. ಬಿಲ್ಲಿಂಗ್ ಪ್ರೋಗ್ರಾಂ ಆ ಪೋರ್ಟನ್ನು ಹಿಡಿದುಕೊಂಡಿದ್ದರೆ, ಇರುವ ಸ್ಕ್ರೀನೂ ಇಲ್ಲವೆಂದೇ ವರದಿಯಾಗುತ್ತದೆ. ಆದ್ದರಿಂದ ಮೊದಲು ಅದನ್ನು ಮುಚ್ಚಿ. ಸೀರಿಯಲ್ ಪ್ರಿಂಟರ್ ಇದ್ದರೆ ಅದನ್ನೂ ಕಳಚಿಡುವುದು ಲೇಸು, ಇಲ್ಲವಾದರೆ ತಂತ್ರಾಂಶ ಕೇಳಿದ ಪ್ರಶ್ನೆ ಬಿಲ್ಲಿನ ಕಾಗದದ ಮೇಲೆ ಅರ್ಥವಿಲ್ಲದ ಅಕ್ಷರಗಳಾಗಿ ಮುದ್ರಣವಾದೀತು.